ಗೇಣುದ್ದದ ಮರುತ್

ಯುದ್ಧವಿಮಾನವೊಂದರ ಪ್ರತಿಕೃತಿಯನ್ನು ರಾಳದಲ್ಲಿ ಎರೆಯುವ ಬಗೆಯನ್ನು ಕುರಿತು ಇತಿಹಾಸದ ವಿದ್ಯಾರ್ಥಿಯೊಬ್ಬನು ಬರೆಯಹೊರಟರೆ, ಇದು ಅವನ ಪಠ್ಯದಲ್ಲಿ ಎಲ್ಲಿದೆ ಎಂದು ವಾಚಕರು ಕೇಳುವುದು ಸಹಜ. ವಿಮಾನ ಹೇಗೆ ಹಾರುತ್ತದೆಂಬುದನ್ನು ವಿವರಿಸುವ ಯೋಗ್ಯತೆ ನನಗಿಲ್ಲ. ಅದು ಬೇರೆ ಕಾಲೇಜುಗಳ ವಿಜ್ಞಾನದ ಮಿತ್ರರ ಕೆಲಸ. ಆದರೆ ಗತಕಾಲದ ವಸ್ತುವೊಂದು ಒಂದು ನಿರ್ದಿಷ್ಟ ದಿನದಂದು ಹೇಗಿದ್ದಿತೆಂಬುದನ್ನು, ದೊರೆತ ಆಧಾರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ತೂಗಿನೋಡಿ, ಮರಳಿ ಕಟ್ಟುವುದು ನಮ್ಮ ಪಾಠದ ಕೋಣೆಯದೇ ವಿದ್ಯೆ. ಶಾಸನ ಓದುವವನಿಗೂ ಪ್ರತಿಕೃತಿ ಮಾಡುವವನಿಗೂ ಇರುವ ವ್ಯತ್ಯಾಸ ಇಷ್ಟೆ: ಶಾಸನದ ಒಂದು ಅಕ್ಷರ ಅಳಿಸಿಹೋಗಿದ್ದರೆ ಓದುವವನು ಅಲ್ಲಿ ಮೂರು ಚುಕ್ಕಿಗಳನ್ನಿಟ್ಟು ಮುಂದಕ್ಕೆ ಹೋಗಬಹುದು, ಪ್ರತಿಕೃತಿ ಮಾಡುವವನು ರೆಕ್ಕೆಯಲ್ಲಿ ಒಂದಂಗುಲ ಜಾಗವನ್ನು ಬರಿದಾಗಿ ಬಿಡುವಂತಿಲ್ಲ. ಅಲ್ಲಿ ಏನಾದರೊಂದು ಇರಲೇಬೇಕು. ಅದಕ್ಕೆ ಅವನು ಹೊಣೆಗಾರನೂ ಆಗಬೇಕು.

ನಾನು ಆರಿಸಿಕೊಂಡ ವಿಮಾನ ಬೆಂಗಳೂರಿನದು. ಹೆಸರು ಎಚ್.ಎಫ್. ೨೪, ಎಂದರೆ ಹಿಂದುಸ್ಥಾನ್ ಫೈಟರ್. ಅನಂತರ ಇಟ್ಟ ಹೆಸರು ಮರುತ್. ವೇದಗಳಲ್ಲಿ ರುದ್ರನ ಮಕ್ಕಳಾದ ಮರುತ್ತುಗಳೆಂಬ ಗಾಳಿದೇವತೆಗಳ ಗಣವೊಂದುಂಟು. ನಾವು ಗಾಳಿಯನ್ನು ಮಾರುತವೆನ್ನುವುದೂ ಅದೇ ಮೂಲದಿಂದ. ಆದುದರಿಂದ ಕನ್ನಡ ಬಲ್ಲವರಿಗೆ ಈ ಹೆಸರಿನ ಅರ್ಥ ಹೇಳಬೇಕಾದುದಿಲ್ಲ.

ಬೆಂಗಳೂರಿನ ವಿಮಾನ ಕಾರ್ಖಾನೆ ೧೯೪೦ರ ಡಿಸೆಂಬರಿನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಫೋಕೆ-ವುಲ್ಫ್ ೧೯೦ ಎಂಬ ಜರ್ಮನ್ ವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಎಂಬುವರು, ಯುದ್ಧಾನಂತರ ಕೆಲವು ವರ್ಷ ಅರ್ಜೆಂಟೀನದಲ್ಲಿದ್ದು, ೧೯೫೬ರಲ್ಲಿ ತಮ್ಮ ಸಂಗಡಿಗರೊಡನೆ ಭಾರತಕ್ಕೆ ಬಂದರು. ಅವರ ಮತ್ತು ಕಾರ್ಖಾನೆಯ ಭಾರತೀಯ ವಿನ್ಯಾಸಕಾರರ ದುಡಿಮೆಯಿಂದ ರೂಪುಗೊಂಡುದೇ ಈ ವಿಮಾನ. ಭಾರತದಲ್ಲಿ ರೂಪಿಸಿ ಭಾರತದಲ್ಲಿಯೇ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಇದು.

ಈ ಕಥೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ದಾಟಿಹೋಗುವ ಒಂದು ಅಧ್ಯಾಯವಿದೆ. ನನ್ನ ಮನಸ್ಸು ಹಿಡಿದುದು ಅದೇ. ಲೋಹದ ವಿಮಾನವನ್ನು ಕಟ್ಟುವುದಕ್ಕೆ ಮೊದಲು ಅವರು ಅದೇ ಉದ್ದ, ಅದೇ ಅಗಲ, ಅದೇ ಆಕಾರದ ಒಂದು ಮರದ ವಿಮಾನವನ್ನು ಮಾಡಿದರು. ಅದಕ್ಕೆ ಎಂಜಿನ್ ಇರಲಿಲ್ಲ. ೧೯೫೯ರಲ್ಲಿ ಡಕೋಟಾ ವಿಮಾನವೊಂದರ ಹಿಂದೆ ಹಗ್ಗ ಕಟ್ಟಿ, ಅದನ್ನು ಮೇಲಕ್ಕೆ ಎಳೆದೊಯ್ದು, ಎತ್ತರದಲ್ಲಿ ಹಗ್ಗ ಬಿಡಿಸಿ, ತೇಲುತ್ತ ಇಳಿಯುವಂತೆ ಮಾಡಿ ಪರೀಕ್ಷಿಸಿದರು. ಒಂದೆರಡು ಸಲವಲ್ಲ, ಎಪ್ಪತ್ತಕ್ಕೂ ಮಿಕ್ಕಿ ಹೀಗೆ ಹಾರಿಸಿದರು. ಕೊನೆಗೆ ಒಂದು ದಿನ ಇಳಿಯುವಾಗ ಮುಂದಿನ ಗಾಲಿ ಹೊರಬಾರದೆ ಅದು ಜಖಂಗೊಂಡಿತು; ಅಷ್ಟು ಹೊತ್ತಿಗೆ ಅದರಿಂದ ಕಲಿಯಬೇಕಾದುದನ್ನು ಕಲಿತಾಗಿತ್ತು. ಲೋಹದ ಮೊದಲ ಮೂಲಮಾದರಿ, ಬಿ.ಆರ್. ೪೬೧ ಎಂಬ ಸಂಖ್ಯೆಯದು, ೧೯೬೧ರ ಜೂನ್ ೧೭ರಂದು ವಿಂಗ್ ಕಮಾಂಡರ್ ಸುರಂಜನ್ ದಾಸರ ಕೈಯಲ್ಲಿ ಮೊದಲ ಬಾರಿಗೆ ಹಾರಿತು. ಒಂದು ವಾರದ ಮೇಲೆ, ಜೂನ್ ೨೪ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ನರ ಎದುರಿನಲ್ಲಿ ವಿಧ್ಯುಕ್ತವಾಗಿ ಹಾರಿತು. ಎರಡನೆಯ ಮೂಲಮಾದರಿ ಹಾರಿದುದು ೧೯೬೨ರಲ್ಲಿ.

ಮೂಲಮಾದರಿ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬರುವ ವಿಮಾನಗಳು ಒಂದನ್ನೊಂದು ಹೋಲುತ್ತವೆ. ಮೂಲಮಾದರಿ ತನ್ನನ್ನು ತಾನೇ ಹೋಲುವುದಿಲ್ಲ. ಸೋಮವಾರ ಹಾರಿದುದಕ್ಕೆ ಮಂಗಳವಾರ ಒಂದು ಬಾಗಿಲು ಹೆಚ್ಚಾಗುತ್ತದೆ, ಮೂಗಿನ ಮೇಲೊಂದು ಅಳತೆಯ ಕೊಳವೆ ಬರುತ್ತದೆ, ಮುಂದಿನ ತಿಂಗಳು ಅದು ಹೋಗಿ ಇನ್ನೊಂದು ಬರುತ್ತದೆ. ಪರೀಕ್ಷೆಗಾಗಿ ಹುಟ್ಟಿದ್ದು ಪರೀಕ್ಷೆ ಮುಗಿಯುವವರೆಗೂ ಬದಲಾಗುತ್ತಲೇ ಇರುತ್ತದೆ. ಆದುದರಿಂದ ಮೂಲಮಾದರಿಯ ಪ್ರತಿಕೃತಿ ಮಾಡುವವನು ಮೊಟ್ಟಮೊದಲು ಆರಿಸಬೇಕಾದುದು ವಿಮಾನವನ್ನಲ್ಲ, ದಿನಾಂಕವನ್ನು. ನಾನು ಆರಿಸಿದುದು ಆ ಜೂನ್ ೧೭.

ಇನ್ನು ರಾಳವೇಕೆ? ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ ಪ್ರತಿಕೃತಿಗಳ ಬಿಡಿಭಾಗಗಳನ್ನು ಉಕ್ಕಿನ ಅಚ್ಚಿನೊಳಕ್ಕೆ ಕರಗಿದ ಪಾಲಿಸ್ಟೈರೀನನ್ನು ಒತ್ತಡದಿಂದ ನುಗ್ಗಿಸಿ ಮಾಡುತ್ತಾರೆ. ಆ ಉಕ್ಕಿನ ಅಚ್ಚು ಕೊರೆಯುವುದಕ್ಕೆ ಬಹಳ ಹಣ ಬೇಕು. ಸಾವಿರಾರು ಪೆಟ್ಟಿಗೆಗಳು ಮಾರಾಟವಾದರೆ ಮಾತ್ರ ಅದು ಗಿಟ್ಟುತ್ತದೆ. ಎಲ್ಲರಿಗೂ ಗೊತ್ತಿರುವ ವಿಮಾನಗಳಿಗೆ ಆ ಭಾಗ್ಯವುಂಟು. ಒಂದೋ ಎರಡೋ ಮಾತ್ರ ಹುಟ್ಟಿದ ಮೂಲಮಾದರಿಗಳನ್ನು ಕೇಳುವವರು ಕೆಲವರೇ. ಅಂಥ ಕಡೆ ರಾಳ ನೆರವಿಗೆ ಬರುತ್ತದೆ. ಸಿಲಿಕೋನ್ ರಬ್ಬರಿನ ಅಚ್ಚು ಮಾಡಿ ಅದರಲ್ಲಿ ಕೃತಕ ರಾಳವನ್ನು ಕೈಯಿಂದ ಎರೆದರೆ, ಒಂದು ಅಚ್ಚಿನಿಂದ ಹೆಚ್ಚೆಂದರೆ ಕೆಲವು ಹತ್ತುಗಳಷ್ಟು ಪ್ರತಿಗಳು ಬರುತ್ತವೆ, ಆಮೇಲೆ ರಬ್ಬರು ಹರಿಯತೊಡಗುತ್ತದೆ. ಹೀಗೆ ಲೋಕ ಮರೆತ ವಿಮಾನಗಳೆಲ್ಲ ಬಹುಮಟ್ಟಿಗೆ ರಾಳದಲ್ಲಿಯೇ ಉಳಿದುಕೊಂಡಿವೆ. ನಮ್ಮಲ್ಲಿ ವಿಗ್ರಹ ಎರೆಯುವವರು ಜೇನುಮೇಣದ ಮೂರ್ತಿಯ ಮೇಲೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಲೋಹವನ್ನು ಹೊಯ್ಯುತ್ತಾರಲ್ಲ, ಇದು ಅದರ ತಮ್ಮನೆನ್ನಬಹುದು. ಇಲ್ಲಿ ಮೂಲಮೂರ್ತಿ ಕರಗದೆ ಉಳಿಯುತ್ತದೆಂಬುದೊಂದೇ ಭೇದ.

ಮೊದಲು ಅಳತೆಗಳು. ಮರುತ್ತಿನ ಉದ್ದ ೧೫.೮೭ ಮೀಟರು, ರೆಕ್ಕೆಯ ತುದಿಯಿಂದ ತುದಿಗೆ ೯ ಮೀಟರು, ಎತ್ತರ ೩.೬೦ ಮೀಟರು. ೭೨ಕ್ಕೆ ಒಂದರಂತೆ ಇಳಿಸಿದರೆ ಉದ್ದ ೨೨ ಸೆಂಟಿಮೀಟರು, ಅಗಲ ಹನ್ನೆರಡೂವರೆ, ಎತ್ತರ ಐದು. ನಮ್ಮ ಲೆಕ್ಕದಲ್ಲಿ ಒಂದು ಗೇಣು. ಆರಡಿಗೆ ಸ್ವಲ್ಪ ಕಡಿಮೆಯಿರುವ ಚಾಲಕ ಈ ಪ್ರಮಾಣದಲ್ಲಿ ಎರಡೂವರೆ ಸೆಂಟಿಮೀಟರು ಎತ್ತರವಿರುವುದಿಲ್ಲ.

ಪ್ರಮಾಣ ಇಳಿಸುವುದು ಬರಿಯ ಭಾಗಾಕಾರವೆಂದು ತಿಳಿಯಬಾರದು. ಲೋಹದ ತಗಡುಗಳು ಕೂಡುವ ಕಡೆ ಪ್ರತಿಕೃತಿಯ ಮೇಲೆ ಸೂಜಿಯಿಂದ ಒಂದು ಗೆರೆ ಕೊರೆಯುತ್ತಾರೆ. ಆ ಗೆರೆ ಮಿಲಿಮೀಟರಿನ ಐದನೆಯ ಒಂದು ಪಾಲಿದ್ದರೂ ನಿಜವಾದ ವಿಮಾನದ ಮೇಲೆ ಅದು ಹದಿನಾಲ್ಕು ಮಿಲಿಮೀಟರಿನ ಬಿರುಕಾಗುತ್ತದೆ. ಅಂಥ ಸಂದಿನಲ್ಲಿ ಬೆರಳು ತೂರಿಸಬಹುದು. ಬಣ್ಣವನ್ನು ದಪ್ಪವಾಗಿ ಬಳಿದರೆ ವಿಮಾನಕ್ಕೆ ಗೋಡೆಯ ಗಾರೆ ಮಾಡಿದಂತಾಗುತ್ತದೆ. ಪ್ರದರ್ಶನಗಳಲ್ಲಿ ಹೊಗಳಿಸಿಕೊಳ್ಳುವ ಎಷ್ಟೋ ಪ್ರತಿಕೃತಿಗಳು ಉಳುಮೆ ಮಾಡಿದ ಹೊಲದಂತೆ ಗೆರೆಗೆರೆಯಾಗಿರುವುದನ್ನು ಚಿತ್ರಗಳಲ್ಲಿ ನೋಡಿದ್ದೇನೆ. ಕಣ್ಣಿಗೆ ಚೆಂದ, ಲೆಕ್ಕಕ್ಕೆ ಸುಳ್ಳು.

ಆಧಾರಗಳ ವಿಷಯ. ನಮ್ಮ ಅಧ್ಯಾಪಕರು ಆಧಾರಗಳನ್ನು ಸಮಕಾಲೀನ, ಉತ್ತರಕಾಲೀನ ಎಂದು ವಿಂಗಡಿಸಲು ಹೇಳಿಕೊಟ್ಟಿರುವುದು ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮರುತ್ ಇದೆ. ಕಾರ್ಖಾನೆಯವರ ವಿಮಾನ ವಸ್ತುಸಂಗ್ರಹಾಲಯದಲ್ಲಿ ಒಂದಿದೆ. ಜರ್ಮನಿಯ ಮ್ಯೂನಿಕ್ ಬಳಿಯ ಷ್ಲೈಸ್‌ಹೈಮಿನಲ್ಲಿಯೂ ಒಂದನ್ನು ಇರಿಸಿದ್ದಾರೆ. ಕಣ್ಣೆದುರಿಗೆ ನಿಂತ ವಿಮಾನಕ್ಕಿಂತ ಮಿಗಿಲಾದ ಸಾಕ್ಷಿ ಯಾವುದೆಂದು ತೋರಬಹುದು. ಆದರೆ ನಿವೃತ್ತವಾಗಿ ಪ್ರದರ್ಶನಕ್ಕೆ ನಿಂತ ವಿಮಾನ, ಜೀರ್ಣೋದ್ಧಾರವಾದ ದೇವಾಲಯದಂತೆ. ಮೇಲಿನ ಬಣ್ಣ ನಿನ್ನೆಯದಿರಬಹುದು, ಕಳೆದುಹೋದ ಮುಚ್ಚಳದ ಜಾಗದಲ್ಲಿ ಬೇರೊಂದು ತಗಡು ಬಡಿದಿರಬಹುದು. ಒಡಲಿನ ಉಬ್ಬು, ರೆಕ್ಕೆಯ ಬಾಗು, ಗಾಲಿಗಳ ನಿಲುವು ಇವುಗಳಿಗೆ ಅದು ನಂಬಬಹುದಾದ ಸಾಕ್ಷಿ. ೧೯೬೧ರ ಜೂನಿನ ಬಣ್ಣಕ್ಕೂ ಗುರುತುಗಳಿಗೂ ಅಲ್ಲ. ಅವುಗಳಿಗೆ ಅಂದಿನ ಛಾಯಾಚಿತ್ರವೇ ಬೇಕು. ಛಾಯಾಚಿತ್ರವೋ ಎಂದರೆ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸಿ ತೋರಿಸುತ್ತದೆ. ಅದರಿಂದ ಅಳತೆ ತೆಗೆಯಬಾರದು.

ಮೂರು ಕಡೆಯಿಂದ ನೋಡಿದಂತೆ ಬರೆದ ರೇಖಾಚಿತ್ರಗಳು ಪುಸ್ತಕಗಳಲ್ಲಿ ದೊರೆಯುತ್ತವೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದ ಚಿತ್ರಗಳು ಹಲವು. ಎಲ್ಲಾ ಒಂದೇ ತಪ್ಪನ್ನು ಹೇಳಿದರೆ ಅದು ನಾಲ್ಕು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಇವನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ. ಮರುತ್ತಿನ ಉದ್ದವನ್ನು ಅಗಲದಿಂದ ಭಾಗಿಸಿದರೆ ೧.೭೬ ಬರಬೇಕು. ಚಿತ್ರವನ್ನು ಎಷ್ಟೇ ದೊಡ್ಡದು ಮಾಡಿ ಮುದ್ರಿಸಿದ್ದರೂ ಈ ಸಂಖ್ಯೆ ಬದಲಾಗುವಂತಿಲ್ಲ. ಬದಲಾಗಿದ್ದರೆ ಮುದ್ರಣದಲ್ಲಿ ಒಂದು ಕಡೆಗೆ ಎಳೆದಿದೆ ಎಂದೋ, ಉದ್ದವನ್ನು ಮೂಗಿನ ಕೊಳವೆಯನ್ನು ಸೇರಿಸಿ ಹಿಡಿದಿದ್ದಾರೆ ಎಂದೋ ತಿಳಿಯಬೇಕು. ಕೈಯಲ್ಲೊಂದು ಅಡಿಕೋಲು ಇದ್ದರೆ ಸಾಕು, ಅರ್ಧದಷ್ಟು ಚಿತ್ರಗಳು ಈ ಪರೀಕ್ಷೆಯಲ್ಲಿಯೇ ನಪಾಸಾಗುತ್ತವೆ.

ಇನ್ನು ಕೆತ್ತನೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರ ಇದಕ್ಕೆ ಬಹಳ ಒಳ್ಳೆಯದು. ಮೃದುವಾಗಿದ್ದು ನಾರು ಒತ್ತಾಗಿರುತ್ತದೆ, ಬೆಳ್ಳಗಿರುವುದರಿಂದ ಸೀಸದ ಕಡ್ಡಿಯ ಗೆರೆ ಕಾಣುತ್ತದೆ. ನನ್ನ ತಂದೆಯವರು ಬಡಗಿಗಳು. ಚಿತ್ರಗಳನ್ನು ಮರದ ತುಂಡಿನ ಮೇಲೆ ಅಂಟಿಸಿಕೊಂಡು ಕುಳಿತಿದ್ದಾಗ ಅವರು ವಿಮಾನದ ಕಥೆಯನ್ನೇನೂ ಕೇಳಲಿಲ್ಲ. “ನಡುಗೆರೆ ಎಲ್ಲಿ ಹಾಕಿದೀಯಪ್ಪ, ಅದು ತೋರಿಸು” ಎಂದರು. ಆಮೇಲೆ ಹೇಳಿಕೊಟ್ಟ ಉಪಾಯ ಇದು: ಒಂದೇ ದಪ್ಪ ತುಂಡನ್ನು ಕೆತ್ತುವ ಬದಲು ಎರಡು ತುಂಡುಗಳನ್ನು ತೋಪಡದಿಂದ ನುಣ್ಣಗೆ ಹೊಡೆದು, ನಡುವೆ ಒಂದು ವರ್ತಮಾನ ಪತ್ರಿಕೆಯ ಹಾಳೆಯಿಟ್ಟು ವಜ್ರದಿಂದ ಅಂಟಿಸಬೇಕು. ಆ ಹಾಳೆಯೇ ನಡುಗೆರೆ. ಅದು ಎಲ್ಲ ಕಡೆಯಿಂದಲೂ ಕಾಣುತ್ತದೆ, ಉಜ್ಜಿದರೂ ಅಳಿಸಿಹೋಗುವುದಿಲ್ಲ. ಕೆತ್ತನೆ ಮುಗಿದ ಮೇಲೆ ಹಾಳೆಯ ಅಂಚಿಗೆ ತೆಳು ಉಳಿಯಿಟ್ಟು ಮೆಲ್ಲನೆ ತಟ್ಟಿದರೆ ಕಾಗದ ಎರಡಾಗಿ ಸೀಳಿ, ಒಡಲು ಸರಿಯಾಗಿ ಎಡ ಬಲ ಎರಡು ಹೋಳಾಗುತ್ತದೆ. ಕಂಬದ ಮೇಲೆ ಕೂರಿಸುವ ಅರೆಗುಂಡಿನ ಅಲಂಕಾರಗಳನ್ನು ಬಡಗಿಗಳು ಈ ಬಗೆಯಲ್ಲಿ ಮಾಡುತ್ತಾರಂತೆ. ನಾನು ಓದಿದ ಯಾವ ಪುಸ್ತಕದಲ್ಲಿಯೂ ಇದು ಇರಲಿಲ್ಲ. ಪ್ರತಿಕೃತಿಯ ಎರಕಕ್ಕೆ ಇದಕ್ಕಿಂತ ಅನುಕೂಲವಾದ ಪದ್ಧತಿಯನ್ನು ನಾನು ಕಾಣೆ.

ಕೆತ್ತುವಾಗ ಒಡಲಿನ ಅಡ್ಡಕೊಯ್ತಗಳ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ಆಗಾಗ ಒತ್ತಿ ಹಿಡಿದು, ಬೆಳಕು ಎಲ್ಲಿ ನುಸುಳುತ್ತದೆಂದು ನೋಡುತ್ತಿರಬೇಕು. ಮರುತ್ತಿನ ಮೂಗು ನೀಳ. ಚಾಲಕನ ಕೋಣೆಯ ಎರಡು ಪಕ್ಕಗಳಲ್ಲಿ ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಗಳಿವೆ, ಅವುಗಳ ಒಳಬದಿಯಲ್ಲಿ ಅರೆಶಂಕುವಿನಂಥ ಉಬ್ಬಿದೆ. ರೆಕ್ಕೆ ತಗ್ಗಿನಲ್ಲಿ ಕೂಡಿಕೊಂಡು ೪೫ ಡಿಗ್ರಿಯಷ್ಟು ಹಿಂದಕ್ಕೆ ವಾಲಿದೆ. ಎರಡು ಎಂಜಿನ್ನುಗಳು ಒಡಲಿನ ಹಿಂಭಾಗದಲ್ಲಿ ಅಕ್ಕಪಕ್ಕ ಮಲಗಿವೆ. ಕೈಯಿಂದ ಸವರಿದಾಗ ಮಾತ್ರ ತಿಳಿಯುವ ಒಂದು ಸಂಗತಿ: ಇದರಲ್ಲಿ ಅನಾವಶ್ಯಕವಾದ ಉಬ್ಬು ತಗ್ಗುಗಳಿಲ್ಲ. ಗಾಳಿಗೆ ಎಲ್ಲಿಯೂ ತಡೆಯಾಗಬಾರದೆಂದು ಎಣಿಸಿ ಮಾಡಿದ ಮೈ.

ಅಚ್ಚು ಮಾಡುವುದನ್ನು ಹೇಳುತ್ತೇನೆ. ಒಡಲಿನ ಒಂದು ಹೋಳನ್ನು ಚಪ್ಪಟೆ ಮೈ ಕೆಳಗಾಗಿ ಗಾಜಿನ ಮೇಲೆ ಅಂಟಿಸಿ, ಸುತ್ತ ರಟ್ಟಿನ ಗೋಡೆ ಕಟ್ಟಬೇಕು. ಎಷ್ಟು ರಬ್ಬರು ಬೇಕೆಂದು ತಿಳಿಯಲು ಆ ಪೆಟ್ಟಿಗೆಯ ತುಂಬ ಅಕ್ಕಿ ಸುರಿದು, ಆ ಅಕ್ಕಿಯನ್ನು ಅಳತೆಯ ಲೋಟಕ್ಕೆ ಹಾಕಿ ನೋಡಿದರಾಯಿತು. ಸಿಲಿಕೋನ್ ರಬ್ಬರು ಮಂದವಾದ ಮಜ್ಜಿಗೆಯಂತಿರುತ್ತದೆ. ಗಟ್ಟಿಗೊಳಿಸುವ ದ್ರವವನ್ನು ತಕ್ಕಡಿಯಲ್ಲಿ ತೂಗಿ ಬೆರೆಸಿ, ಪೆಟ್ಟಿಗೆಯ ಒಂದು ಮೂಲೆಗೆ, ಎತ್ತರದಿಂದ, ನೂಲಿನಷ್ಟು ಸಣ್ಣ ಧಾರೆಯಾಗಿ ಹೊಯ್ಯಬೇಕು. ಧಾರೆ ತೆಳುವಾದಷ್ಟೂ ಒಳಗಿನ ಗಾಳಿಗುಳ್ಳೆಗಳು ಒಡೆದುಹೋಗುತ್ತವೆ. ಮರದ ಮೇಲೆ ಮೊದಲೇ ಮೆರುಗೆಣ್ಣೆಯನ್ನು ಎರಡು ಮೂರು ಸಲ ಬಳಿದು ಉಜ್ಜಿರಬೇಕು. ಏಕೆಂದರೆ ಈ ರಬ್ಬರಿನ ನೆನಪು ಬಹಳ ಸೂಕ್ಷ್ಮ. ಮರದ ನಾರಿನ ಗೆರೆಯನ್ನೂ, ಮೇಲೆ ಬಿದ್ದಿದ್ದ ತಲೆಗೂದಲನ್ನೂ, ಬೆರಳಿನ ಗುರುತನ್ನೂ ಅದು ಬಿಡದೆ ಎತ್ತಿಕೊಳ್ಳುತ್ತದೆ. ಒಂದು ದಿನದ ಮೇಲೆ ಗೋಡೆ ಬಿಚ್ಚಿ, ಮರದ ಹೋಳನ್ನು ಹೊರತೆಗೆದರೆ ಅಚ್ಚು ಸಿದ್ಧ.

ರೆಕ್ಕೆಗೆ ಇಷ್ಟು ಸುಲಭವಿಲ್ಲ. ಅದರ ಎರಡು ಮೈಯೂ ಬಾಗಿರುವುದರಿಂದ ಎರಡು ಭಾಗದ ಅಚ್ಚು ಬೇಕು. ರೆಕ್ಕೆಯನ್ನು ಅರ್ಧದವರೆಗೆ ಎಣ್ಣೆಯ ಜೇಡಿಯಲ್ಲಿ ಹುದುಗಿಸಿ, ಸುತ್ತಲೂ ಪೆನ್ನಿನ ಹಿಂಬದಿಯಿಂದ ಕುಳಿಗಳನ್ನು ಒತ್ತಿ, ಮೇಲಿನ ಅರ್ಧಕ್ಕೆ ರಬ್ಬರು ಹೊಯ್ಯುವುದು. ಅದು ಗಟ್ಟಿಯಾದ ಮೇಲೆ ತಿರುಗಿಸಿ, ಜೇಡಿಯನ್ನು ತೆಗೆದು, ಇನ್ನರ್ಧಕ್ಕೆ ಹೊಯ್ಯುವುದು. ಆ ಕುಳಿಗಳೇ ಎರಡು ಭಾಗಗಳು ಅದಲುಬದಲಾಗದಂತೆ ಹಿಡಿಯುವ ಗೂಟಗಳಾಗುತ್ತವೆ. ಈ ರಬ್ಬರು ಲೋಕದಲ್ಲಿ ಬೇರೆ ಯಾವುದಕ್ಕೂ ಸುಲಭವಾಗಿ ಅಂಟುವುದಿಲ್ಲ, ತನಗೆ ತಾನು ಮಾತ್ರ ಬಿಡಿಸಲಾರದಂತೆ ಅಂಟಿಕೊಳ್ಳುತ್ತದೆ. ಆದಕಾರಣ ಎರಡನೆಯ ಭಾಗವನ್ನು ಹೊಯ್ಯುವುದಕ್ಕೆ ಮುಂಚೆ ಮೊದಲನೆಯದರ ಮೈಗೆ ತೆಳುವಾಗಿ ವ್ಯಾಸಲೀನ್ ಸವರುವುದನ್ನು ಮರೆಯಕೂಡದು. ರಾಳ ಹೋಗಲು ಒಂದು ದಾರಿ, ಗಾಳಿ ಹೊರಬರಲು ಎರಡು ಮೂರು ದಾರಿ ಕೊರೆಯಬೇಕು.

ರಾಳಗಳಲ್ಲಿ ಎರಡು ಜಾತಿ ಸಾಮಾನ್ಯ. ಕಿವಿಯೋಲೆ, ಕೀಲಿಗೊಂಚಲು ಮಾಡುವವರು ಈಚೆಗೆ ಬಳಸುತ್ತಿರುವ ಎಪಾಕ್ಸಿ ಗಾಜಿನಂತೆ ತಿಳಿ, ಆದರೆ ಗಟ್ಟಿಯಾಗಲು ಒಂದು ದಿನ ಹಿಡಿಯುತ್ತದೆ. ಪ್ರತಿಕೃತಿ ಮಾಡುವವರು ಮೆಚ್ಚುವುದು ಪಾಲಿಯುರಿಥೇನನ್ನು. ಎರಡು ಶೀಶೆಗಳ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಕಲಸಿದ ಕೆಲವೇ ನಿಮಿಷಗಳಲ್ಲಿ ಅದು ಬಿಸಿಯಾಗಿ, ಬಣ್ಣ ತಿರುಗಿ, ಕಲ್ಲಾಗುತ್ತದೆ. ಅದರ ಶತ್ರು ನೀರು. ಎರಡು ದ್ರವಗಳಲ್ಲಿ ಒಂದಾದ ಐಸೊಸಯನೇಟ್ ತೇವಾಂಶದೊಡನೆ ಕೂಡಿದರೆ ಇಂಗಾಲಾಮ್ಲ ಅನಿಲ ಹುಟ್ಟಿ, ರಾಳವೆಲ್ಲ ಇಡ್ಲಿಯಂತೆ ಉಬ್ಬುತ್ತದೆ. ಮಲೆನಾಡಿನ ಮಿತ್ರರು ಈ ಕೆಲಸವನ್ನು ಬೇಸಗೆಯ ರಜೆಗೆ ಇಟ್ಟುಕೊಳ್ಳುವುದು ಲೇಸು. ಇನ್ನೊಂದು ಮಾತನ್ನು ಹಾಸ್ಯವಿಲ್ಲದೆ ಹೇಳಬೇಕು: ಈ ದ್ರವದ ಆವಿಯೂ, ಗಟ್ಟಿಯಾದ ರಾಳವನ್ನು ಒಣಗಿಯೇ ಉಜ್ಜಿದಾಗ ಏಳುವ ಧೂಳೂ ಶ್ವಾಸಕೋಶಕ್ಕೆ ಕೆಡುಕು. ಕಿಟಕಿ ತೆರೆದಿರಬೇಕು, ಕೈಗೆ ಚೀಲ ಹಾಕಿರಬೇಕು, ಉಜ್ಜುವುದೆಲ್ಲ ನೀರಿನಲ್ಲಿ ಅದ್ದಿದ ಕಾಗದದಿಂದಲೇ ಆಗಬೇಕು, ಮೂಗಿಗೆ ಮುಸುಕಿರಬೇಕು. ಹಾಸ್ಟೆಲಿನ ಕೋಣೆಯಲ್ಲಿ ಇದನ್ನು ಮಾಡಕೂಡದು.

ಎರಕ ಹೊರಬಂದ ಮೇಲೆ ಸಾಬೂನಿನ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ತೆಳು ರೆಕ್ಕೆ ಸೊಟ್ಟಗಾಗಿದ್ದರೆ ಎದೆಗುಂದಬೇಕಾಗಿಲ್ಲ: ಕುದಿಯುವುದಕ್ಕೆ ಸ್ವಲ್ಪ ಹಿಂದಿರುವ ಬಿಸಿನೀರಿನಲ್ಲಿ ಅದ್ದಿದರೆ ರಾಳ ಮೆತ್ತಗಾಗುತ್ತದೆ, ಗಾಜಿನ ಮೇಲೆ ನೇರಮಾಡಿ ಹಿಡಿದು ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ಪಾಲಿಸ್ಟೈರೀನಿಗೆ ಬಳಸುವ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು ಇದಕ್ಕೆ ನಾಟುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಸೈನೊಅಕ್ರಿಲೇಟ್ ಅಂಟು ಬೇಕು. ರೆಕ್ಕೆಗೂ ಒಡಲಿಗೂ ನಡುವೆ ಹಿತ್ತಾಳೆಯ ತಂತಿಯ ಗೂಟವನ್ನೂ ಹಾಕಬೇಕು. ಗಾಲಿಗಳ ಕಾಲುಗಳು ಸಹ ಹಿತ್ತಾಳೆಯವಾದರೆ ಒಳ್ಳೆಯದು, ರಾಳದ ಕಾಲುಗಳು ಭಾರಕ್ಕೆ ಕಾಲಕ್ರಮದಲ್ಲಿ ಬಾಗುತ್ತವೆ. ಚಾಲಕನ ಮೇಲಿನ ಗಾಜಿನ ಮುಚ್ಚಳಕ್ಕೆ ಕುಡಿಯುವ ನೀರಿನ ಖಾಲಿ ಬಾಟಲಿ ಸಾಕು. ಮರದಲ್ಲಿ ಕೆತ್ತಿದ ಮುಚ್ಚಳವನ್ನು ಅದರೊಳಗಿಟ್ಟು ಹೊರಗಿನಿಂದ ಬಿಸಿಗಾಳಿ ಹಿಡಿದರೆ, ಬಾಟಲಿ ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತದೆ.

ಇಲ್ಲಿ ಭಾರದ ಪ್ರಶ್ನೆ ಬಂತು. ಮರುತ್ತಿನ ಬರಿದಾದ ತೂಕ ೬,೧೯೫ ಕಿಲೋಗ್ರಾಂ. ಉದ್ದ, ಅಗಲ, ಎತ್ತರ ಮೂರೂ ಎಪ್ಪತ್ತೆರಡರ ಒಂದು ಪಾಲಾದಾಗ ಗಾತ್ರ ಮೂರು ಲಕ್ಷದ ಎಪ್ಪತ್ತಮೂರು ಸಾವಿರದ ಒಂದು ಪಾಲಾಗುತ್ತದೆ. ಆ ಲೆಕ್ಕದಿಂದ ನಮ್ಮ ಗೇಣುದ್ದದ ವಿಮಾನ ತೂಗಬೇಕಾದುದು ಹದಿನೇಳು ಗ್ರಾಂ ಕೂಡ ಇಲ್ಲ. ಗಟ್ಟಿ ರಾಳದ ಎರಕವೋ ಅದರ ಮೂರು ನಾಲ್ಕರಷ್ಟು ತೂಗುತ್ತದೆ. ಸಾಲದುದಕ್ಕೆ, ಬಾಲದ ಮೇಲೆ ಕುಳಿತುಬಿಡದಂತೆ ಮೂಗನ್ನು ಕೊರೆದು, ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಬೇಕಾಗುತ್ತದೆ. ಆಕಾರಕ್ಕೆ ನಿಷ್ಠೆಯಿಂದಿದ್ದರೆ ತೂಕಕ್ಕೆ ನಿಷ್ಠೆಯಿಂದಿರಲು ಆಗುವುದಿಲ್ಲ. ೧೯೫೯ರ ಮರದ ವಿಮಾನ ಈ ದೃಷ್ಟಿಯಿಂದ ಎಂಥ ಪ್ರತಿಕೃತಿಯಾಗಿದ್ದಿತೆಂದು ಆಗ ಅರ್ಥವಾಯಿತು. ಆಕಾರದಲ್ಲಿ ಅದು ಏನನ್ನೂ ಮುಚ್ಚಿಡಲಿಲ್ಲ, ಮುಂದೆ ಬರುವ ವಿಮಾನ ಇಳಿಯುವಾಗ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಸತ್ಯವಾಗಿ ಹೇಳಿತು. ಅದು ಹೇಳಲಾರದೆ ಹೋದುದು ಎಂಜಿನ್ನಿನ ಮಾತನ್ನು ಮಾತ್ರ. ಮರುತ್ ಸೋತುದೂ ಅಲ್ಲಿಯೇ.

ವಾಯುಪಡೆ ಕೇಳಿದ್ದು ಶಬ್ದದ ವೇಗದ ಎರಡರಷ್ಟರ ಸಮೀಪಕ್ಕೆ ಹೋಗಬಲ್ಲ ವಿಮಾನವನ್ನು. ಟ್ಯಾಂಕ್ ಎಣಿಸಿದ್ದುದು ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆಯ ಆರ್ಫಿಯಸ್ ೧೨ ಎಂಬ ಎಂಜಿನ್ನನ್ನು; ಬಾಲದಲ್ಲಿ ಮರುಬೆಂಕಿ ಹೊತ್ತಿಸಿದಾಗ ಒಂದೊಂದೂ ೮,೧೭೦ ಪೌಂಡುಗಳಷ್ಟು ನೂಕಬೇಕಾದುದು. ಆ ಎಂಜಿನ್ನಿನ ಅಭಿವೃದ್ಧಿಗೆ ಬ್ರಿಟನ್ ಹಣ ಹಾಕಲಿಲ್ಲ, ಭಾರತವೂ ಹಾಕಲಿಲ್ಲ. ಅದು ಬರಲೇ ಇಲ್ಲ. ಅದರ ಬದಲು ಕೂಡಿಸಿದ ಆರ್ಫಿಯಸ್ ೭೦೩ರ ನೂಕುಬಲ ಒಂದೊಂದಕ್ಕೆ ೪,೮೫೦ ಪೌಂಡು. ಮುಂದೆ ಒಟ್ಟು ೧೪೭ ಮರುತ್ತುಗಳು ತಯಾರಾದವು, ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ನೆಲದ ಗುರಿಗಳನ್ನು ಹೊಡೆಯುವ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ಆದರೆ ಶಬ್ದದ ವೇಗದ ಆಸುಪಾಸಿನಲ್ಲಿಯೇ ಉಳಿದವು. ಇದ್ದ ಎಂಜಿನ್ನಿಗೇ ಮರುಬೆಂಕಿ ಜೋಡಿಸುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಅಂಥದೊಂದು ವಿಮಾನವನ್ನು ಹಾರಿಸುವಾಗ, ೧೯೭೦ರ ಜನವರಿ ೧೦ರಂದು, ಸುರಂಜನ್ ದಾಸರು ಮಡಿದರು. ಆಗ ಅವರು ಗ್ರೂಪ್ ಕ್ಯಾಪ್ಟನ್ ಆಗಿದ್ದರು. ಕಾರ್ಖಾನೆಯ ಹತ್ತಿರದ ಸುರಂಜನದಾಸ್ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ಸಾವಿರಾರು ಮಂದಿಯಲ್ಲಿ ಅದು ಯಾರ ಹೆಸರೆಂದು ಬಲ್ಲವರೆಷ್ಟೋ.

ಈ ಇತಿಹಾಸ ತಿಳಿದವನಿಗೆ ಪ್ರತಿಕೃತಿಯ ಹಿಂಭಾಗಕ್ಕೆ ಬಂದಾಗ ಒಂದು ಆಸೆ ಹುಟ್ಟುತ್ತದೆ. ಬರಬೇಕಾಗಿದ್ದ ಎಂಜಿನ್ನಿನ ದೊಡ್ಡ ಹೊಗೆಕೊಳವೆಗಳನ್ನೇ ಕೆತ್ತಿಬಿಡಬಾರದೇಕೆ? ರಾಳಕ್ಕೆ ಹಣದ ಮಂಜೂರಾತಿ ಬೇಡ, ಯಾವ ಸರ್ಕಾರದ ಒಪ್ಪಿಗೆಯೂ ಬೇಡ. ಹೀಗೆ ‘ಆಗಬಹುದಾಗಿದ್ದ’ ವಿಮಾನಗಳನ್ನು ಮಾಡುವವರು ದೇಶವಿದೇಶಗಳಲ್ಲಿದ್ದಾರೆ. ಜೊತೆಗೆ ಕೆಲಸ ಮಾಡುತ್ತಿದ್ದ ನನ್ನ ಸಹಪಾಠಿಯೂ ಹಾಗೆಯೇ ಮಾಡೋಣವೆಂದ; ದೇಶಾಭಿಮಾನಕ್ಕೆ ಅದೇ ಶೋಭೆಯೆಂದ. ಎರಡು ಸಂಜೆ ವಾದ ನಡೆಯಿತು. ನನ್ನ ಅಭಿಪ್ರಾಯ ಹೀಗೆ: ಅದನ್ನು ಮಾಡುವುದು ತಪ್ಪಲ್ಲ, ಮಾಡಿ ಅದಕ್ಕೆ ಬಿ.ಆರ್. ೪೬೧ ಎಂದು ಬರೆಯುವುದು ತಪ್ಪು. ಆ ಸಂಖ್ಯೆಯ ವಿಮಾನ ಆ ದಿನ ಹಾರಿದುದು ಚಿಕ್ಕ ಎಂಜಿನ್ನುಗಳಿಂದ; ದಾಸರು ಹಾರಿಸಿದುದು ಅದನ್ನು. ಹಿಂಭಾಗದ ಆ ಎರಡು ಸಣ್ಣ ರಂಧ್ರಗಳನ್ನು ದೊಡ್ಡದು ಮಾಡಿದರೆ, ಒಳ್ಳೆಯ ಮೈಯೊಂದು ತಕ್ಕ ಎಂಜಿನ್ನಿಲ್ಲದೆ ಹೇಗೆ ದುಡಿಯಿತೆಂಬ ಕಥೆಯೇ ಅಳಿಸಿಹೋಗುತ್ತದೆ. ಮರುತ್ತನ್ನು ಸೋತ ವಿಮಾನವೆಂದು ಎರಡು ಸಾಲಿನಲ್ಲಿ ಮುಗಿಸುವ ಪುಸ್ತಕಗಳಿಗೂ, ಸೋಲೇ ಇಲ್ಲದಂತೆ ಕೊಳವೆ ಹಿಗ್ಗಿಸುವ ಪ್ರತಿಕೃತಿಗಳಿಗೂ ನಾನು ಹೆಚ್ಚಿನ ಭೇದ ಕಾಣಲಿಲ್ಲ. ರಂಧ್ರಗಳು ಅಳತೆಯಂತೆ ಸಣ್ಣವಾಗಿಯೇ ಉಳಿದವು.

ಬಣ್ಣದ ಕೆಲಸ ಹೆಚ್ಚಿಲ್ಲ. ಮೊದಲು ಬೂದುಬಣ್ಣದ ಪ್ರೈಮರ್ ಒಂದು ತೆಳು ಪದರ. ಅದರ ಮೇಲೆ ಗುಳ್ಳೆಗಳ ಕುಳಿಗಳೆಲ್ಲ ಕಾಣಿಸಿಕೊಳ್ಳುತ್ತವೆ, ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಇದು ನಾಲ್ಕಾರು ಬಾರಿ ನಡೆಯುತ್ತದೆ, ತಾಳ್ಮೆ ಇಲ್ಲಿ ಬೇಕು. ವಾಯುಪಡೆಯ ವರ್ತುಲದ ಗುರುತಿನಲ್ಲಿ ನಡುವೆ ಕೇಸರಿ, ಆಮೇಲೆ ಬಿಳಿ, ಹೊರಗೆ ಹಸಿರು. ಅವಸರದಲ್ಲಿ ಒಳಹೊರಗಾಗಿ ಬರೆಯುವವರುಂಟು. ಉಳಿದ ಆಲೆಮರದ ತುಂಡಿನಿಂದಲೇ ಪೀಠ ಮಾಡಿ, ಅದರ ಮೇಲೆ ವಿಮಾನದ ಹೆಸರು, ೧ : ೭೨ ಎಂಬ ಪ್ರಮಾಣ, ೧೭-೬-೧೯೬೧ ಎಂಬ ದಿನಾಂಕ ಇಷ್ಟನ್ನು ಬರೆದಿದ್ದೇವೆ.

ಪ್ರತಿಕೃತಿಯನ್ನು ಈಗ ಇತಿಹಾಸ ವಿಭಾಗದ ಬೀರುವಿನಲ್ಲಿ, ಮಡಕೆಯ ಚೂರುಗಳ ಪಕ್ಕದಲ್ಲಿ ಇಟ್ಟಿದೆ. ಅಚ್ಚು ಹರಿದಿಲ್ಲ, ಇನ್ನೂ ಹತ್ತು ಹದಿನೈದು ಪ್ರತಿಗಳಿಗೆ ಮೋಸವಿಲ್ಲವೆಂದು ತೋರುತ್ತದೆ. ಬೇಕಾದವರು ರಾಳದ ಶೀಶೆಗಳನ್ನು ತಂದರೆ ಬೇಸಗೆ ಮುಗಿಯುವುದರೊಳಗೆ ಎರೆದುಕೊಡುತ್ತೇವೆ. ಉಜ್ಜುವ ಕೆಲಸ ಮಾತ್ರ ಅವರದೇ.